ಗಾಡಿ ಕೂಗುತ್ತಲೇ ಇದೆ, ಕೇಳುವವರು ಯಾರು?

2019ರ ಜುಲೈ 1ರ ನಂತರ ತಯಾರಾದ ಕಾರು ಓಡಿಸುವವರಿಗೆಲ್ಲ ಆ ಸದ್ದು ಗೊತ್ತು. ಮುಳ್ಳು 80 ದಾಟಿತೋ ಇಲ್ಲವೋ, ಡ್ಯಾಶ್‌ಬೋರ್ಡಿನೊಳಗಿಂದ ಒಂದು ಬೀಪ್. ಸ್ವಲ್ಪ ಹೊತ್ತಿಗೆ ಇನ್ನೊಂದು. 120 ದಾಟಿದರೆ ಎಡೆಬಿಡದ ಕಿರುಚಾಟ. ಕೇಂದ್ರ ಸರ್ಕಾರದ ನಿಯಮ ಅದು. ಆರಿಸುವ ಬಟನ್ನನ್ನು ಕಂಪನಿ ಕೊಡುವಂತಿಲ್ಲ. ಕೆಂಗೇರಿ ದಾಟಿ ಮೈಸೂರು ಹೆದ್ದಾರಿ ಹಿಡಿದರೆ ಕಾರಿಗೆ 100ರ ಮಿತಿ. ಕಾನೂನು ಪಾಲಿಸುತ್ತಲೇ ಹೋಗುವವನಿಗೂ ಈ ಬೀಪ್ ಬಿಡದಿ, ರಾಮನಗರ, ಮದ್ದೂರು ಎನ್ನುತ್ತ ಜತೆಗೇ ಬರುತ್ತದೆ. ಕಾರು ತಂದ ಹೊಸತರಲ್ಲಿ ಬೀಪ್ ಕೇಳಿದರೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲವಾಗುತ್ತದೆ. ತಿಂಗಳಾದ ಮೇಲೆ ಹಾಡಿನ ವಾಲ್ಯೂಮ್ ಹೆಚ್ಚಾಗುತ್ತದೆ.

ಅದು ನಾವು ಬದಲಾಯಿಸಲಾಗದ ಎಚ್ಚರಿಕೆ. ಬದಲಾಯಿಸಬಹುದಾದ ಎಚ್ಚರಿಕೆಗಳ ಕತೆ ಇನ್ನೂ ವಿಚಿತ್ರ. ಅವನ್ನು ಯಾರೂ ಬದಲಾಯಿಸುವುದೇ ಇಲ್ಲ. ಟೆಂಪೊಗೋ ಕ್ಯಾಬ್‌ಗೋ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ ದಿನ ಅಂಗಡಿಯ ಹುಡುಗ ಮಾಲೀಕರ ಫೋನ್ ಈಸಿಕೊಂಡು ಆ್ಯಪ್ ಇಳಿಸುತ್ತಾನೆ, ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತುತ್ತಾನೆ, ಇರುವ ಅಷ್ಟೂ ಅಲರ್ಟ್‌ಗಳಿಗೆ ಟಿಕ್ ಹಾಕಿ ವಾಪಸ್ ಕೊಡುತ್ತಾನೆ. ಅವತ್ತಿನಿಂದ ಶುರು. ಇಗ್ನಿಷನ್ ಆನ್, ಇಗ್ನಿಷನ್ ಆಫ್, ಐಡ್ಲಿಂಗ್, ಓವರ್‌ಸ್ಪೀಡ್, ಹಾರ್ಶ್ ಬ್ರೇಕ್, ಜಿಯೋಫೆನ್ಸ್ ಎಂಟ್ರಿ, ಜಿಯೋಫೆನ್ಸ್ ಎಕ್ಸಿಟ್. ಮೂರು ಗಾಡಿ ಇದ್ದರೆ ಎಲ್ಲವೂ ಮೂರು ಪಟ್ಟು. ಡ್ರೈವರ್ ಟೀಗೆ ನಿಲ್ಲಿಸಿದ್ದೂ ಸುದ್ದಿ, ಟೀ ಮುಗಿಸಿ ಹೊರಟಿದ್ದೂ ಸುದ್ದಿ. ಮಾಲೀಕರು ಮೊದಮೊದಲು ಎಲ್ಲ ಓದುತ್ತಾರೆ, ಆಮೇಲೆ ಕೆಲವನ್ನು, ಕೊನೆಗೆ ಆ್ಯಪ್‌ನ ಬಾಯಿಯನ್ನೇ ಮುಚ್ಚಿಸುತ್ತಾರೆ. ನಿಜವಾಗಿ ಬೇಕಿದ್ದ ಒಂದೇ ಒಂದು ಅಲರ್ಟ್, ನಡುರಾತ್ರಿ ಯಾರೋ ಬ್ಯಾಟರಿ ವೈರ್ ಕಿತ್ತಾಗ ಬಂದದ್ದು, ಬೆಳಗ್ಗೆ ಹಲ್ಲುಜ್ಜುವಾಗ ಕಣ್ಣಿಗೆ ಬೀಳುತ್ತದೆ.

ಆಸ್ಪತ್ರೆಗಳ ಐಸಿಯುಗಳಿಗೆ ಈ ಕಾಯಿಲೆ ಹಳೆಯದು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಒಂದು ಎಚ್ಚರಿಕೆ ಪತ್ರ ಹೊರಡಿಸಿತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ತನಗೆ ವರದಿಯಾದ ಅಲಾರಂ ಸಂಬಂಧಿ ಅವಘಡಗಳು 98, ಅವುಗಳಲ್ಲಿ ಸಾವು 80 ಎಂಬ ಲೆಕ್ಕ ಅದರಲ್ಲಿತ್ತು. ಯಂತ್ರಗಳು ದಿನವಿಡೀ ಹೊಡೆದುಕೊಂಡರೆ ಸಿಬ್ಬಂದಿ ಒಂದೋ ಕೇಳಿಸಿಕೊಳ್ಳುವುದನ್ನು ಬಿಡುತ್ತಾರೆ, ಇಲ್ಲವೇ ಸದ್ದು ಕಡಿಮೆ ಮಾಡಿಬಿಡುತ್ತಾರೆ. ನಮ್ಮ ಟೆಂಪೊ ಟ್ರಾವೆಲರ್‌ನ ವಿಷಯ ಅಷ್ಟು ಗಂಭೀರ ಅಲ್ಲದಿರಬಹುದು, ಆದರೆ ಮನುಷ್ಯರ ಕಿವಿ ಎಲ್ಲ ಕಡೆಯೂ ಒಂದೇ.

ಹಾಗಾಗಿ ಸೆಟ್ಟಿಂಗ್ಸ್ ತೆರೆಯುವ ಮೊದಲು ಪ್ರತಿ ಅಲರ್ಟ್‌ಗೂ ಒಂದೇ ಪ್ರಶ್ನೆ ಹಾಕಬೇಕು: ಇದು ಬಂದರೆ ಯಾರು ಎದ್ದು ಏನು ಮಾಡುತ್ತಾರೆ? ಉತ್ತರ ಇದ್ದರೆ ಅದು ರಿಂಗ್ ಆಗಲಿ. ಇಲ್ಲದಿದ್ದರೆ ಅದು ರಾತ್ರಿಯ ರಿಪೋರ್ಟ್‌ನಲ್ಲಿ ಒಂದು ಸಾಲಾಗಿ ಇರಲಿ.

ಪೆಟ್ಟಿಗೆಯೊಳಗೆ ಏನಿದೆ

ಟ್ರ್ಯಾಕರ್ ಒಳಗೆ ಮುಖ್ಯವಾಗಿ ಇರುವುದು ಉಪಗ್ರಹಗಳ ಸಂಕೇತ ಹಿಡಿಯುವ ರಿಸೀವರ್, ಸಿಮ್ ಇರುವ ಮೋಡೆಮ್, ಅಲುಗಾಟ ಅಳೆಯುವ ಆಕ್ಸಿಲರೋಮೀಟರ್ ಮತ್ತು ಒಂದು ಪುಟ್ಟ ಬ್ಯಾಟರಿ. ಗಾಡಿಯಿಂದ ಅದಕ್ಕೆ ಸಾಮಾನ್ಯವಾಗಿ ಮೂರು ವೈರ್ ಬರುತ್ತವೆ: ಬ್ಯಾಟರಿಯ ಪ್ಲಸ್, ಅರ್ತ್, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ವೈರ್. ಕಾರಾದರೆ ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಚುಚ್ಚುವ ಡಾಂಗಲ್ ಕೂಡ ಸಿಗುತ್ತದೆ. ಅದು ಎಂಜಿನ್ ಕಂಪ್ಯೂಟರಿನ ಜತೆ ಮಾತಾಡಿ ಕೂಲೆಂಟ್ ಎಷ್ಟು ಬಿಸಿಯಾಗಿದೆ, ಯಾವ ದೋಷದ ಕೋಡ್ ದಾಖಲಾಗಿದೆ ಎಂಬುದನ್ನೂ ಹೇಳುತ್ತದೆ. 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದ ಮೇಲೆ ಕಾರ್ಖಾನೆಯಿಂದಲೇ ಸಿಮ್ ಹಾಕಿಕೊಂಡು ಬರುವ ಕಾರುಗಳೂ ನಮ್ಮಲ್ಲಿ ಮಾಮೂಲಾದವು.

ಬಾಡಿಗೆ ಗಾಡಿಗಳಿಗೆ ಇದು ಆಯ್ಕೆಯ ವಿಷಯವಲ್ಲ. 2016ರ ನವೆಂಬರ್ 28ರ ಅಧಿಸೂಚನೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125ಎಚ್ ಸೇರಿಸಿತು. ದ್ವಿಚಕ್ರ, ತ್ರಿಚಕ್ರ, ಇ-ರಿಕ್ಷಾ ಬಿಟ್ಟು ಪ್ರಯಾಣಿಕರನ್ನು ಸಾಗಿಸುವ ಸಾರ್ವಜನಿಕ ಸೇವೆಯ ವಾಹನಗಳಿಗೆ ಟ್ರ್ಯಾಕರ್ ಮತ್ತು ತುರ್ತು ಬಟನ್ ಬೇಕೆಂಬ ನಿಯಮ ಅದು. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಗಾಡಿಗಳಿಗೆ ಇದು ಕಡ್ಡಾಯ. ಸಾಧನ ಹೇಗಿರಬೇಕೆಂದು ಹೇಳುವ ಮಾನದಂಡವೇ ಎಫ್‌ಸಿ ಮಾಡಿಸಲು ಹೋದಾಗ ಕೇಳಿಬರುವ ‘ಎಐಎಸ್ 140’. ಒಳಗಿನ ಬ್ಯಾಟರಿ ಕನಿಷ್ಠ ನಾಲ್ಕು ಗಂಟೆ ನಿಲ್ಲಬೇಕು, ನೆಟ್‌ವರ್ಕ್ ಇಲ್ಲದಾಗ 40,000 ಸ್ಥಾನಗಳನ್ನು ನೆನಪಿಟ್ಟುಕೊಳ್ಳಬೇಕು, ವೈರ್ ಕಿತ್ತರೂ ಪೆಟ್ಟಿಗೆ ಬಿಚ್ಚಿದರೂ ಸುದ್ದಿ ಮುಟ್ಟಿಸಬೇಕು ಎಂದೆಲ್ಲ ಅದರಲ್ಲಿದೆ.

ಅಂಗಡಿಯವರು ಹೇಳದ ಒಂದು ವಿಷಯ ಇಲ್ಲಿದೆ. ಕೆಲವು ಅಲರ್ಟ್‌ಗಳನ್ನು ತೀರ್ಮಾನಿಸುವುದು ಗಾಡಿಯೊಳಗಿನ ಪೆಟ್ಟಿಗೆ. ಕೆಲವನ್ನು ದೂರದ ಸರ್ವರ್. ವೈರ್ ಕಿತ್ತದ್ದು, ಜೋರು ಬ್ರೇಕ್, ಅಲುಗಾಟ, ಇವು ಸಾಮಾನ್ಯವಾಗಿ ಪೆಟ್ಟಿಗೆಯ ತೀರ್ಮಾನ. ಜಿಯೋಫೆನ್ಸ್ ಮತ್ತು ಎಷ್ಟೋ ಆ್ಯಪ್‌ಗಳಲ್ಲಿ ವೇಗದ ಮಿತಿ ಸರ್ವರ್‌ನ ತೀರ್ಮಾನ. ಆ್ಯಪ್‌ನಲ್ಲಿ ನೀವು ಅಂಕಿ ಬದಲಾಯಿಸಿದ್ದೀರಿ, ಆದರೂ ಹಳೆಯ ಹಾಗೇ ಅಲರ್ಟ್ ಬರುತ್ತಿದೆ ಎಂದರೆ ಪೆಟ್ಟಿಗೆಯೊಳಗಿನ ಅಂಕಿ ಬದಲಾಗಿಲ್ಲ ಎಂದರ್ಥ. ಅದನ್ನು ಎಸ್ಸೆಮ್ಮೆಸ್ ಕಮ್ಯಾಂಡ್ ಕಳಿಸಿ ಬದಲಾಯಿಸಬೇಕಾಗುತ್ತದೆ; ಹಾಕಿಕೊಟ್ಟವರಿಗೇ ಫೋನ್ ಮಾಡಿ.

ಫೋನ್ ಮಾಡಿದಾಗ ಪಾಸ್‌ವರ್ಡನ್ನೂ ಬದಲಾಯಿಸಿಕೊಳ್ಳಿ. ಚೀನಾದ ಮೈಕೋಡಸ್ ಕಂಪನಿಯ ಎಂವಿ720 ಎಂಬ ಅಗ್ಗದ ಟ್ರ್ಯಾಕರ್‌ನಲ್ಲಿ ಗಂಭೀರ ಲೋಪಗಳಿವೆ ಎಂದು 2022ರ ಜುಲೈನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಎಚ್ಚರಿಸಿತ್ತು. ಲೋಪ ಹುಡುಕಿದ್ದು ಬಿಟ್‌ಸೈಟ್ ಸಂಸ್ಥೆ. ಎಲ್ಲರಿಗೂ ಒಂದೇ ಆರಂಭಿಕ ಪಾಸ್‌ವರ್ಡ್: 123456. ಆ ಪೆಟ್ಟಿಗೆಗೆ ಗಾಡಿಯ ಇಂಧನ ನಿಲ್ಲಿಸುವ ಸಾಮರ್ಥ್ಯವೂ ಇತ್ತು. ನಮ್ಮ ಕಡೆ ‘ಎಂಜಿನ್ ಕಟ್’ ಇರುವ ಟ್ರ್ಯಾಕರ್‌ಗೆ ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಓಡುತ್ತಿರುವ ಗಾಡಿಯ ಎಂಜಿನ್ ನಿಲ್ಲಿಸುವ ಅಧಿಕಾರ 123456 ಗೊತ್ತಿರುವವರಿಗೆಲ್ಲ ಇರುವುದು ನನ್ನ ದೃಷ್ಟಿಯಲ್ಲಿ ಕಳ್ಳತನಕ್ಕಿಂತ ದೊಡ್ಡ ಅಪಾಯ.

ಯಾವುದು ರಿಂಗ್ ಆಗಬೇಕು

ನನ್ನ ಪಟ್ಟಿ ಚಿಕ್ಕದು. ಬ್ಯಾಟರಿ ವೈರ್ ಕಿತ್ತ ಅಲರ್ಟ್, ಇಗ್ನಿಷನ್ ಆಫ್ ಇದ್ದೂ ಗಾಡಿ ಸರಿದ ಅಲರ್ಟ್, ತುರ್ತು ಬಟನ್. ರಾತ್ರಿ ಶೆಡ್ಡಿನಲ್ಲಿರಬೇಕಾದ ಗಾಡಿಯಾದರೆ ಹನ್ನೊಂದರಿಂದ ಐದರ ನಡುವೆ ಇಗ್ನಿಷನ್ ಆನ್ ಆದ ಅಲರ್ಟ್ ಕೂಡ. ಇವಕ್ಕೆ ಮಾತ್ರ ಫೋನ್ ಜೋರಾಗಿ ಹೊಡೆದುಕೊಳ್ಳಬೇಕು, ಸಾಧ್ಯವಿದ್ದರೆ ಮೆಸೇಜ್ ಬದಲು ಕರೆಯೇ ಬರಬೇಕು. ಹಗಲಿನ ಇಗ್ನಿಷನ್ ಆನ್-ಆಫ್ ಅನ್ನು ಮೊದಲು ಕಿತ್ತುಹಾಕಿ. ಬಾಡಿಗೆಗೆ ಓಡುವ ಗಾಡಿ ಆನ್ ಆಗುವುದು, ಆಫ್ ಆಗುವುದು ಅದರ ಕೆಲಸ.

ವೈರ್ ಕಿತ್ತ ಅಲರ್ಟ್‌ಗೆ ಒಂದು ಷರತ್ತಿದೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಟರ್ಮಿನಲ್ ಬಿಚ್ಚಿದಾಗಲೂ ಅದು ಬರುತ್ತದೆ. ಸರ್ವಿಸ್‌ಗೆ ಬಿಡುವಾಗ ಆ ಗಾಡಿಗೆ ಮಾತ್ರ ಅಲರ್ಟನ್ನು ಸಂಜೆಯವರೆಗೆ ತಡೆಹಿಡಿಯುವ ಸೌಲಭ್ಯ ಆ್ಯಪ್‌ನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಬಂದದ್ದನ್ನು ಸಹಿಸಿಕೊಳ್ಳಿ. ಪೂರ್ತಿ ಆಫ್ ಮಾಡಿ ಆಮೇಲೆ ಮರೆಯುವುದಕ್ಕಿಂತ ಅದು ವಾಸಿ.

ಬ್ಯಾಟರಿ ವೋಲ್ಟೇಜಿನ ಅಲರ್ಟ್ ಬೇಸಿಗೆ ರಜೆಯಲ್ಲಿ ಕಾರು ನಿಲ್ಲಿಸಿ ಊರಿಗೆ ಹೋಗುವವರಿಗೆ ತುಂಬ ಉಪಯೋಗ. ಟ್ರ್ಯಾಕರ್ ತಾನೂ ಸ್ವಲ್ಪ ಸ್ವಲ್ಪವೇ ಕರೆಂಟ್ ಹೀರುತ್ತಿರುತ್ತದೆ. ಪೂರ್ತಿ ಚಾರ್ಜ್ ಆಗಿ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12ಕ್ಕೆ ಇಳಿದರೆ ಹತ್ತಿರದವರಿಗೆ ಹೇಳಿ ಒಮ್ಮೆ ಸ್ಟಾರ್ಟ್ ಮಾಡಿಸಿ ಸ್ವಲ್ಪ ದೂರ ಓಡಿಸುವುದು ಒಳ್ಳೆಯದು. ಸೆಲ್ಫ್ ಹೊಡೆಯುವ ಕ್ಷಣದಲ್ಲಿ ವೋಲ್ಟೇಜ್ ಹತ್ತರ ಹತ್ತಿರ ಕುಸಿದು ಮತ್ತೆ ಏಳುತ್ತದೆ. ಹಾಗಾಗಿ ‘ಕೆಲವು ನಿಮಿಷ ಸತತವಾಗಿ ಕಡಿಮೆ ಇದ್ದರೆ ಮಾತ್ರ’ ಎಂಬ ಆಯ್ಕೆ ಹಾಕಿ, ಇಲ್ಲದಿದ್ದರೆ ದಿನಾ ಬೆಳಗ್ಗೆ ಸುಳ್ಳು ಸುದ್ದಿ. ಲಾರಿ ಮಾಲೀಕರು ಇನ್ನೊಂದು ನೋಡಬೇಕು. ದೊಡ್ಡ ಲಾರಿ, ಬಸ್ಸುಗಳದ್ದು 24 ವೋಲ್ಟ್. ಕಾರಿಗೆ ಹಾಕುವ 12ರ ಮಿತಿಯನ್ನೇ ಲಾರಿಗೂ ಹಾಕಿಟ್ಟರೆ ಬ್ಯಾಟರಿ ಸತ್ತು ಸ್ವರ್ಗ ಸೇರಿದರೂ ಅಲರ್ಟ್ ಬರುವುದಿಲ್ಲ.

ಎಂಜಿನ್ನಿನ ದೋಷದ ಕೋಡ್‌ಗಳನ್ನು ಬೇಗ ಮುಗಿಸಿಬಿಡೋಣ. ಕೂಲೆಂಟ್ ಅತಿಯಾಗಿ ಬಿಸಿಯಾದರೆ, ಎಂಜಿನ್ ಆಯಿಲ್‌ನ ಕೆಂಪು ದೀಪ ಉರಿದರೆ, ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಕೂಡಲೇ ಗಾಡಿ ನಿಲ್ಲಿಸಬೇಕು. ಉಳಿದ ಕೋಡ್‌ಗಳಲ್ಲಿ ಹೆಚ್ಚಿನವು ಮುಂದಿನ ಸರ್ವಿಸ್‌ವರೆಗೆ ಕಾಯುತ್ತವೆ.

ಮಿತಿ ಎಷ್ಟಿರಲಿ

ಹೆಚ್ಚು ರೇಗಿಸುವುದು ಓವರ್‌ಸ್ಪೀಡ್. ಇಡೀ ಕರ್ನಾಟಕಕ್ಕೆ ಒಂದೇ ಅಂಕಿ ಇಟ್ಟರೆ ಹೀಗೇ ಆಗುವುದು. 80 ಇಟ್ಟರೆ ಮೈಸೂರು ಹೆದ್ದಾರಿಯಲ್ಲಿ ಕಾರು ಇಡೀ ದಾರಿ ಕೂಗುತ್ತದೆ, ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ 60ರಲ್ಲಿ ನುಗ್ಗಿದರೆ ತೆಪ್ಪಗಿರುತ್ತದೆ. ಹೆಚ್ಚಿನ ಬಾಡಿಗೆ ವಾಹನಗಳಿಗೆ ಸ್ಪೀಡ್ ಗವರ್ನರ್ ಮಿತಿಯೇ 80, ಶಾಲಾ ಬಸ್ಸು, ಟ್ಯಾಂಕರ್, ಡಂಪರ್‌ಗಳಿಗೆ 60. ಅಂಥ ಗಾಡಿಗೆ ಅಲರ್ಟ್ ಅಂಕಿಯೂ ಅದೇ ಇರಲಿ. ಗವರ್ನರ್ ಇರುವ ಗಾಡಿಯಿಂದ ಓವರ್‌ಸ್ಪೀಡ್ ಬಂದರೆ ಅದಕ್ಕೆ ಯಾರೋ ಕೈ ಹಾಕಿದ್ದಾರೆ ಎಂದು ತಿಳಿಯಬಹುದು. ಖಾಸಗಿ ಕಾರಿಗೆ ಅಂಕಿಗಿಂತ ಅವಧಿ ಮುಖ್ಯ. ಮಿತಿ ದಾಟಿ ಅರ್ಧ ನಿಮಿಷವಾದರೂ ಹಾಗೇ ಓಡಿದರೆ ಮಾತ್ರ ಲೆಕ್ಕಕ್ಕೆ ಬರಲಿ. ಲಾರಿ ಹಿಂದಿಕ್ಕಲು ನಾಲ್ಕು ಸೆಕೆಂಡ್ ವೇಗ ಹೆಚ್ಚಿಸಿದ್ದೂ, ಉಪಗ್ರಹದ ಸಂಕೇತ ಒಮ್ಮೆ ತಪ್ಪಿ ಗಾಡಿ ಹಾರಿದಂತೆ ಕಂಡದ್ದೂ ಆಗ ಸೋಸಿಹೋಗುತ್ತವೆ.

‘ನನ್ನ ಮೀಟರ್‌ನಲ್ಲಿ 85 ಇತ್ತು, ಆ್ಯಪ್ 80 ಅನ್ನುತ್ತೆ’ ಎಂದು ಜಗಳವಾಡುವವರಿಗೆ ಒಂದು ಮಾತು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬ ನಿಯಮವಿದೆ. ಆದ್ದರಿಂದ ತಯಾರಕರು ತುಸು ಹೆಚ್ಚೇ ತೋರಿಸುವಂತೆ ಹೊಂದಿಸಿರುತ್ತಾರೆ. ತೆರೆದ ಹೆದ್ದಾರಿಯಲ್ಲಿ ಟ್ರ್ಯಾಕರ್‌ನ ಅಂಕಿಯೇ ನಿಜಕ್ಕೆ ಹತ್ತಿರ.

ಹಂಪು, ಬೇಸ್‌ಮೆಂಟು, ಘಾಟಿ

ಜೋರು ಬ್ರೇಕ್ ಮತ್ತು ಅಪಘಾತದ ಅಲರ್ಟ್‌ಗಳು ಬರುವುದು ಆಕ್ಸಿಲರೋಮೀಟರ್‌ನಿಂದ. ಅದು ಗಾಡಿಯ ಮೈಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಮಾತ್ರ ಅದರ ಮಾತಿಗೆ ಬೆಲೆ. ಒಮ್ಮೆ ಟೆಂಪೊದ ಡ್ಯಾಶ್‌ಬೋರ್ಡ್ ಬಿಚ್ಚಿಸಿ ನೋಡಿ: ಎಷ್ಟೋ ಕಡೆ ಟ್ರ್ಯಾಕರ್ ಒಂದು ತುಂಡು ಟೇಪಿನ ಆಸರೆಯಲ್ಲಿ ವೈರುಗಳ ನಡುವೆ ಜೋತಾಡುತ್ತಿರುತ್ತದೆ. ಊರೂರಿನ ಹಂಪು ಹತ್ತಿಳಿದಾಗಲೆಲ್ಲ ಅದು ಹೋಗಿ ಪ್ಲಾಸ್ಟಿಕ್‌ಗೆ ಬಡಿಯುತ್ತದೆ. ಮಾಲೀಕರಿಗೆ ‘ಕ್ರ್ಯಾಶ್ ಡಿಟೆಕ್ಟೆಡ್’. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ. ಎರಡು ಕೇಬಲ್ ಟೈ ಹಾಕಿ ಲೋಹದ ಪಟ್ಟಿಗೆ ಬಿಗಿಸಬೇಕು, ಆಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಕ್ಯಾಲಿಬ್ರೇಟ್ ಮಾಡಿಸಬೇಕು. ಅಷ್ಟಾದ ಮೇಲೆ ಸೆನ್ಸಿಟಿವಿಟಿಯನ್ನು ಒಂದು ಹಂತ ಕೆಳಗಿಳಿಸಿ ನೋಡಿ.

ಜಿಯೋಫೆನ್ಸ್ ಎಂದರೆ ನಕ್ಷೆಯ ಮೇಲೆ ನಾವು ಎಳೆಯುವ ಗೆರೆ. ಗಾಡಿ ಒಳಬಂದರೆ, ಹೊರಹೋದರೆ ಸುದ್ದಿ. ಹೊಸಬರು ಮನೆಯ ಸುತ್ತ 50 ಮೀಟರ್‌ನ ಪುಟ್ಟ ವೃತ್ತ ಎಳೆಯುತ್ತಾರೆ. ಅಪಾರ್ಟ್‌ಮೆಂಟ್‌ಗಳ ನಡುವೆ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ತಡವಾಗಿ ಮುಟ್ಟುತ್ತದೆ, ನಿಂತ ಗಾಡಿಯೂ ನಕ್ಷೆಯಲ್ಲಿ ಹತ್ತಾರು ಮೀಟರ್ ಅತ್ತಿತ್ತ ಅಲೆಯುತ್ತದೆ. ಬೇಸ್‌ಮೆಂಟ್‌ಗೆ ಇಳಿದರೆ ಸಂಕೇತವೇ ಇಲ್ಲ. ಕೆಲವು ಸಾಧನಗಳು ಆಗ ಮೊಬೈಲ್ ಟವರ್ ಹಿಡಿದು ಜಾಗ ಊಹಿಸುತ್ತವೆ, ಆ ಊಹೆ ಪಕ್ಕದ ಬಡಾವಣೆಯಲ್ಲೂ ಇರಬಹುದು. ಫಲವಾಗಿ ರಾತ್ರಿಯೆಲ್ಲ ‘ಹೊರಹೋಯಿತು’, ‘ಒಳಬಂತು’. ವೃತ್ತವನ್ನು 200–300 ಮೀಟರ್‌ಗೆ ಹಿಗ್ಗಿಸಿ. ಇಗ್ನಿಷನ್ ಆನ್ ಇದ್ದಾಗ ಮಾತ್ರ ಲೆಕ್ಕ ಹಾಕುವ ಆಯ್ಕೆ ಇದ್ದರೆ ಅದನ್ನೂ ಒತ್ತಿ. ಎಳೆದುಕೊಂಡು ಹೋಗುವ ಕಳ್ಳನಿಗೆ ‘ಇಗ್ನಿಷನ್ ಆಫ್ ಇದ್ದೂ ಸರಿದ’ ಅಲರ್ಟ್ ಬೇರೆಯೇ ಇದೆಯಲ್ಲ.

ಘಾಟಿಯ ಸಮಸ್ಯೆ ಇನ್ನೊಂದು ಬಗೆಯದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಲಾರಿ ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಕೆಲವು ಕಡೆ ನೆಟ್‌ವರ್ಕ್ ಸಿಗುವುದೇ ಇಲ್ಲ. ಟ್ರ್ಯಾಕರ್ ಸುಮ್ಮನಿರುವುದಿಲ್ಲ, ನಡೆದದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಗುಂಡ್ಯ ದಾಟಿ ಸಿಗ್ನಲ್ ಸಿಕ್ಕ ಕೂಡಲೇ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತದೆ. ಬೆಂಗಳೂರಿನಲ್ಲಿ ಕೂತ ಮಾಲೀಕರಿಗೆ ಒಂದೇ ನಿಮಿಷದಲ್ಲಿ ಸಾಲುಸಾಲು ಹಾರ್ಶ್ ಬ್ರೇಕ್.

‘ಏನಯ್ಯಾ, ಈಗ ಯಾಕೆ ಹಂಗೆ ಬ್ರೇಕ್ ಹೊಡೀತಿದೀಯ?’

‘ಅಣ್ಣಾ, ನೆಲ್ಯಾಡೀಲಿ ಗಾಡಿ ನಿಲ್ಸಿ ಊಟ ಮಾಡ್ತಾ ಇದೀನಿ.’

ಇಬ್ಬರೂ ಹೇಳುವುದು ನಿಜವೇ. ಪ್ರತಿ ಅಲರ್ಟ್‌ಗೂ ಘಟನೆ ನಡೆದ ಹೊತ್ತು, ಸುದ್ದಿ ಮುಟ್ಟಿದ ಹೊತ್ತು ಎಂದು ಎರಡು ಸಮಯ ಇರುತ್ತವೆ. ಫೋನಿನ ಪರದೆ ತೋರಿಸುವುದು ಸಾಮಾನ್ಯವಾಗಿ ಎರಡನೆಯದನ್ನು. ಡ್ರೈವರ್‌ಗೆ ಬೈಯುವ ಮೊದಲು ಆ ಅಲರ್ಟ್ ತೆರೆದು ಒಳಗಿನ ಸಮಯ ನೋಡಬೇಕು. ಅಂದಹಾಗೆ, ಘಾಟಿ ಇಳಿಯುವಾಗ ಬ್ರೇಕ್ ಹೊಡೆಯದ ಡ್ರೈವರ್ ನಿಮಗೆ ಬೇಕಾಗಿಯೂ ಇಲ್ಲ. ಘಾಟಿಯ ಮೇಲೊಂದು ಜಿಯೋಫೆನ್ಸ್ ಎಳೆದು ಅಲ್ಲಿನ ಬ್ರೇಕ್ ಲೆಕ್ಕ ಬಿಡುವ ಸೌಲಭ್ಯ ಇದ್ದರೆ ಬಳಸಿಕೊಳ್ಳಿ.

ಫೋನಿನ ಕಡೆಯ ಕೆಲಸ

ಗಾಡಿಯ ಕಡೆ ಎಲ್ಲ ಸರಿ ಇದ್ದೂ ಅಲರ್ಟ್ ಬರುತ್ತಿಲ್ಲ ಎಂದರೆ ತಪ್ಪು ಬಹುಪಾಲು ಫೋನಿನದು. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಶಓಮಿ, ವಿವೋ, ಒಪ್ಪೊ, ರಿಯಲ್‌ಮಿ ಫೋನ್‌ಗಳು ಚಾರ್ಜ್ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಆಟೊಸ್ಟಾರ್ಟ್ ಆನ್ ಮಾಡಬೇಕು, ಬ್ಯಾಟರಿ ಎಂಬಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಇಡಬೇಕು. ಆಂಡ್ರಾಯ್ಡ್ 13ರಿಂದ ಈಚೆಗೆ ಹೊಸ ಆ್ಯಪ್ ನೋಟಿಫಿಕೇಶನ್‌ಗೆ ಅನುಮತಿ ಕೇಳುತ್ತದೆ. ಆತುರದಲ್ಲಿ ‘ಬೇಡ’ ಒತ್ತಿದ್ದರೆ ಅದು ಬಾಯಿ ಬಿಡುವುದೇ ಇಲ್ಲ.

2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದಲೂ ಇರುವ, ಆದರೆ ಹೆಚ್ಚಿನವರು ಮುಟ್ಟದ ಒಂದು ಸೌಲಭ್ಯ ಇದೆ. ಒಂದೇ ಆ್ಯಪ್‌ನ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ಒಂದೊಂದಕ್ಕೆ ಒಂದೊಂದು ರಿಂಗ್‌ಟೋನ್ ಇಡಬಹುದು. ಆ್ಯಪ್ ಐಕಾನ್ ಒತ್ತಿಹಿಡಿದು, ‘ಆ್ಯಪ್ ಇನ್ಫೋ’, ಅದರೊಳಗೆ ‘ನೋಟಿಫಿಕೇಶನ್ಸ್’ಗೆ ಹೋಗಿ. ಅಲ್ಲಿ ಬಗೆಗಳ ಪಟ್ಟಿ ಕಂಡರೆ ನಿಮ್ಮ ಅದೃಷ್ಟ. ವೈರ್ ಕಿತ್ತದ್ದಕ್ಕೆ ಕರ್ಕಶ ಸೈರನ್ ಇಟ್ಟು, ಅದಕ್ಕೆ ಮಾತ್ರ ‘ಡು ನಾಟ್ ಡಿಸ್ಟರ್ಬ್’ ದಾಟುವ ಅನುಮತಿ ಕೊಡಿ. ಐಫೋನ್‌ನಲ್ಲಾದರೆ ಫೋಕಸ್‌ನ ಪಟ್ಟಿಗೆ ಆ ಆ್ಯಪ್ ಸೇರಿಸಬೇಕು.

ಅಲರ್ಟ್‌ಗಳನ್ನು ಮನೆಮಂದಿ, ಸೂಪರ್‌ವೈಸರ್, ಪಾಲುದಾರರೆಲ್ಲ ಇರುವ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸುವ ಏರ್ಪಾಟು ಈಗ ಹೆಚ್ಚುತ್ತಿದೆ. ನನಗೆ ಅದು ಹಿಡಿಸದು. ಗ್ರೂಪಿನಲ್ಲಿ ಎಂಟು ಜನ ಇದ್ದರೆ ಎಂಟೂ ಜನ ಉಳಿದ ಏಳರಲ್ಲಿ ಯಾರೋ ನೋಡಿರುತ್ತಾರೆ ಅಂದುಕೊಳ್ಳುತ್ತಾರೆ. ರಾತ್ರಿಯ ಅಲರ್ಟ್ ಒಬ್ಬರ ಹೆಸರಿಗೆ ಇರಬೇಕು. ಅವರು ಐದು ನಿಮಿಷದಲ್ಲಿ ತೆರೆಯದಿದ್ದರೆ ಇನ್ನೊಬ್ಬರಿಗೆ ಹೋಗಬೇಕು.

ತುರ್ತು ಬಟನ್ ಬಗ್ಗೆ ಪ್ರಯಾಣಿಕರಲ್ಲೂ ಮಾಲೀಕರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಎಐಎಸ್ 140 ಸಾಧನದ ಬಟನ್ ಒತ್ತಿದರೆ ಸುದ್ದಿ ಸರ್ಕಾರದ ನಿಯಂತ್ರಣ ಕೇಂದ್ರಕ್ಕೆ ಮುಟ್ಟುವ ವ್ಯವಸ್ಥೆ ಇರಬೇಕು. ಆನ್‌ಲೈನ್‌ನಲ್ಲಿ ತರಿಸಿ ಸ್ವಂತ ಕಾರಿಗೆ ಹಾಕಿಕೊಂಡ ಟ್ರ್ಯಾಕರ್‌ನ ಎಸ್‌ಒಎಸ್ ಬಟನ್ ಸಾಮಾನ್ಯವಾಗಿ ಹೋಗುವುದು ನೀವು ಬರೆದುಕೊಟ್ಟ ಮೊಬೈಲ್ ನಂಬರಿಗೆ ಮಾತ್ರ. ಪೊಲೀಸರು ಬೇಕಿದ್ದರೆ 112ಕ್ಕೆ ನೀವೇ ಕರೆ ಮಾಡಬೇಕು. ಮಗಳ ಕಾರಿಗೆ ಹಾಕಿಸಿಕೊಟ್ಟ ಅಪ್ಪಂದಿರು ಇದನ್ನು ಮಗಳಿಗೂ ಹೇಳಿಕೊಡಿ. ಕಾರಿನಲ್ಲಿ ಟ್ರ್ಯಾಕರ್ ಇದೆ ಎಂಬುದನ್ನೂ ಹೇಳಿ. ಡ್ರೈವರ್ ವಿಷಯದಲ್ಲೂ ಅಷ್ಟೇ: ಯಾವ ಅಲರ್ಟ್ ಹೋಗುತ್ತದೆ, ಯಾವುದಕ್ಕೆ ಫೋನ್ ಬರುತ್ತದೆ ಎಂದು ಮೊದಲೇ ಕೂರಿಸಿ ಹೇಳಿದರೆ ಅವನು ವೈರ್ ಕೀಳುವುದಿಲ್ಲ. ಪ್ರತಿ ಟೀಗೂ ಫೋನ್ ಮಾಡಿ ಕಾಡಿದರೆ ಖಂಡಿತ ಕೀಳುತ್ತಾನೆ, ‘ಗುಂಡಿಗೆ ಬಿದ್ದು ಲೂಸಾಯ್ತು ಅಣ್ಣಾ’ ಎನ್ನುತ್ತಾನೆ.

ಎಲ್ಲ ಸೆಟ್ ಮಾಡಿದ ಮೇಲೆ ಪರೀಕ್ಷೆ ಮಾಡಿ. ಮನೆ ಮುಂದೆ ಗಾಡಿ ನಿಲ್ಲಿಸಿ, ಡ್ರೈವರ್‌ನ ಎದುರಲ್ಲೇ ಟ್ರ್ಯಾಕರ್‌ನ ವೈರ್ ಬಿಚ್ಚಿ, ಫೋನನ್ನು ‘ಡು ನಾಟ್ ಡಿಸ್ಟರ್ಬ್’ನಲ್ಲಿಟ್ಟು ಕಾಯಿರಿ. ಎರಡು-ಮೂರು ನಿಮಿಷದಲ್ಲಿ ಹೊಡೆದುಕೊಳ್ಳದಿದ್ದರೆ ನಿಮ್ಮ ಬಳಿ ಇರುವುದು ನಕ್ಷೆ ತೋರಿಸುವ ಪೆಟ್ಟಿಗೆ ಮಾತ್ರ, ಕಾವಲುಗಾರನಲ್ಲ.

ಕೊನೆಯದಾಗಿ, ಯಾರೂ ಆನ್ ಮಾಡದ ಒಂದು ಅಲರ್ಟ್ ಇದೆ: ‘ಡಿವೈಸ್ ಆಫ್‌ಲೈನ್’. ಸಿಮ್ ರೀಚಾರ್ಜ್ ಅಥವಾ ಆ್ಯಪ್‌ನ ವಾರ್ಷಿಕ ಚಂದಾ ಮುಗಿದ ದಿನ ಟ್ರ್ಯಾಕರ್ ಮಾತು ನಿಲ್ಲಿಸುತ್ತದೆ, ಫೋನ್ ಶಾಂತವಾಗಿರುತ್ತದೆ, ಮಾಲೀಕರು ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಗಾಡಿ ಒಂದು ದಿನ ಸುದ್ದಿಯನ್ನೇ ಕಳಿಸದಿದ್ದರೆ ತಿಳಿಸು ಎಂದು ಈ ವಾರವೇ ಹಾಕಿಡಿ. ಚಂದಾ ಮುಗಿಯುವ ದಿನಾಂಕವನ್ನು ಇನ್ಶೂರೆನ್ಸ್, ಎಫ್‌ಸಿ, ಎಮಿಷನ್ ಟೆಸ್ಟ್ ದಿನಾಂಕಗಳ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.